ಜ್ವರ ಬಂದುಹೋದ ಮನೆಯಲ್ಲಿ ಚಹಾ ಕೇಳುವ ಚಂದ್ರಿಬಾಯಿ

ಘೋಟವಾಡಾದಲ್ಲಿ ಕೋಳಿಗಳು ಇನ್ನೂ ಕೂಗಿ ಮುಗಿಸಿಲ್ಲ. ಊರು ಮುಗಿದು ಕಾಡು ಶುರುವಾಗುವಲ್ಲಿ ಒಂದು ಹಳೆಯ ಮತ್ತಿ ಮರವಿದೆ. ಅದರ ಬುಡದಲ್ಲಿ ಚಂದ್ರಿಬಾಯಿ ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಎಣ್ಣೆಯ ಬಾಟಲಿ ಹಿಡಿದು, ದಾರಿಗೆ ಅಡ್ಡವಾಗಿ ನಿಂತಿದ್ದಾರೆ. ತರಗೆಲೆಗೆ ಹೋಗುವವರಿರಲಿ, ಕಟ್ಟಿಗೆಗೆ ಹೋಗುವವರಿರಲಿ, ದನ ಹೊಡೆದುಕೊಂಡು ಹೋಗುವವರಿರಲಿ, ಇವರಿಗೆ ಕೈಕಾಲು ಒಪ್ಪಿಸದೆ ಒಂದು ಹೆಜ್ಜೆ ಮುಂದಿಡುವಂತಿಲ್ಲ.

"ಕಾಲ ಮುಂದ ಮಾಡವಾ. ಆ ಕಾಲೂ ಮಾಡ, ಅದೇನ ಮಂದೀದೇನ? ಹಿಮ್ಮಡಿ ಬಿಟ್ಟೀ ನೋಡ. ಉಣ್ಣಿಗೆ ಇಲ್ಲಿ ಹತ್ತಬ್ಯಾಡ ಅಂತ ಬೋರ್ಡ್ ಹಾಕೀಯೇನ?"

ಸಾಲಿನಲ್ಲಿದ್ದ ಹೆಂಗಸರು ನಗುತ್ತಾರೆ. ಹಿಂದಿನಿಂದ ಒಬ್ಬ ಮುದುಕ, "ನಾ ಮನ್ಯಾಗ ಹಚ್ಕೊಂಡ ಬಂದೀನಿ" ಎಂದು ಮೆಲ್ಲಗೆ ಜಾರಲು ನೋಡುತ್ತಾನೆ. ಚಂದ್ರಿಬಾಯಿ ಅವನ ತೋಳು ಹಿಡಿದು ಮೂಸಿ ನೋಡಿ, "ಇದ ಕೊಬ್ರಿ ಎಣ್ಣಿ ಅಪ್ಪಾ. ಅಡವಿಗೆ ಹೊಂಟೀಯೋ, ಮದವಿಗೆ ಹೊಂಟೀಯೋ?" ಎನ್ನುತ್ತಾರೆ. ಮುದುಕ ಬಾಯಿ ಮುಚ್ಚಿಕೊಂಡು ಕೈ ಚಾಚುತ್ತಾನೆ.

ದಾಂಡೇಲಿಯಿಂದ ಗಣೇಶಗುಡಿಗೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ಹೋದರೆ ಸಿಗುವ ಸಣ್ಣ ವಾಡಾ ಇದು. ಚಳಿ ಶುರುವಾದಾಗಿನಿಂದ ಮಳೆ ಬೀಳುವವರೆಗೆ ಇಲ್ಲಿ ಮಂಗನ ಜ್ವರದ ಕಾಲ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣ್ಣಿಗಳು ತರಗೆಲೆಯ ಮೇಲೆ ಚೆಲ್ಲಾಪಿಲ್ಲಿಯಾಗುತ್ತವೆ. ಅಲ್ಲಿಗೆ ಕಾಲಿಟ್ಟವರಿಗೆ ಅವು ಹತ್ತುತ್ತವೆ, ಹತ್ತಿದರೆ ಜ್ವರ. ಅದನ್ನು ತಡೆಯುವುದು ಈ ಎಣ್ಣೆ. ಆರೋಗ್ಯ ಉಪಕೇಂದ್ರದವರು ಎಣ್ಣೆಯ ಕ್ಯಾನು ಕೊಡುತ್ತಾರೆ. ಅದನ್ನು ಊರ ಮೈಗೆ ಹಚ್ಚಿ ಮುಗಿಸುವುದು ಸೀಸನ್ನಿನ ದಿನಗೂಲಿಗೆ ದುಡಿಯುವ ಚಂದ್ರಿಬಾಯಿ. ಬೆಳಗಾಗುವುದರೊಳಗೆ ಐವತ್ತರ ಹತ್ತಿರ ಜನ ಅವರ ಕೈಯಿಂದ ದಾಟಿ ಹೋಗಿರುತ್ತಾರೆ. ಮಧ್ಯಾಹ್ನ ಅವರೆಲ್ಲ ಹೊರೆ ಹೊತ್ತು ಮರಳುವಾಗ ಸೆರಗಿನ ಅಂಚು, ತುರುಬು, ಕಿವಿಯ ಹಿಂಭಾಗ ನೋಡಿ ಕಳಿಸುವುದೂ ಅವರೇ. ಮಳೆಗಾಲ ಬಂತೆಂದರೆ ಮತ್ತಿ ಮರಕ್ಕೂ ಅವರಿಗೂ ಸಂಬಂಧವಿಲ್ಲ. ಆಗ ನಾಟಿಗದ್ದೆಯಲ್ಲಿ ಎಲ್ಲರಂತೆ ಅವರೂ ಕೂಲಿ.

ಬಿಸಿಲು ಮರದ ತುದಿಗೆ ಬರುವ ಹೊತ್ತಿಗೆ ಗಂಡ ಭೋಜಪ್ಪ ಒಂದು ಬಕೆಟ್ ನೀರು, ಒಂದು ಸೋಪು ತಂದಿಡುತ್ತಾರೆ. ಚಂದ್ರಿಬಾಯಿ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುತ್ತಾರೆ. ತೊಳೆದು, ಮೂಸಿ ನೋಡಿ, ಮತ್ತೆ ತಿಕ್ಕುತ್ತಾರೆ. ಉಗುರಿನ ಸಂದಿಗೆ ಕಡ್ಡಿ ಹಾಕಿ ಕೆರೆಯುತ್ತಾರೆ. ಈ ಎಣ್ಣೆ ಮೈಗೆ ಒಳ್ಳೆಯದು, ಹೊಟ್ಟೆಗೆ ಹೋಗಬಾರದು. ಅದಕ್ಕೆ ಅಷ್ಟು ತಿಕ್ಕುವುದು ಎಂದು ನೋಡಿದವರು ಅಂದುಕೊಳ್ಳಬೇಕು. ಅಷ್ಟೇ ಅಲ್ಲ, ಅದರ ಹಿಂದೆ ಒಂದು ಕಥೆಯಿದೆ. ಅದಕ್ಕೆ ಬರೋಣ.

"ಮುಗೀತು ನೋಡ್ರಿ ಸರಕಾರದ ಕೆಲಸ. ಇನ್ನ ಈಕಿ ಸ್ವಂತ ಧಂದೆ ಚಾಲೂ" ಎನ್ನುತ್ತಾರೆ ಭೋಜಪ್ಪ, ಬಕೆಟ್ ಬೋರಲು ಹಾಕುತ್ತ. "ಊರ ಚಹಾ ಎಲ್ಲಾ ಈಕಿ ಹೊಟ್ಟ್ಯಾಗ. ಮನ್ಯಾಗ ನಾ ಒಬ್ಬನ ಕುಂತ ಕುಡೀಬೇಕು."

ಅದು ನಿಜ. ಘೋಟವಾಡಾದಲ್ಲಿ ಮಂಗನ ಜ್ವರ ಬಂದು, ಆಸ್ಪತ್ರೆಗೆ ಹೋಗಿ, ಬದುಕಿ ಮನೆಗೆ ಬಂದವರು ಯಾರೇ ಇರಲಿ, ಅವರ ಮನೆಯ ಹೊಸ್ತಿಲಲ್ಲಿ ಚಂದ್ರಿಬಾಯಿ ಕುಳಿತು ಚಹಾ ಕೇಳುತ್ತಾರೆ. ಕೇಳುವುದೆಂದರೆ ಮುಲಾಜಿಲ್ಲದೆ ಕೇಳುವುದು. ಅದೂ ಜ್ವರ ಬಂದವರ ಕೈಯಿಂದಲೇ ಆಗಬೇಕು, ಅವರ ಮನೆಯ ಕಪ್ಪು-ಬಸಿಯಲ್ಲೇ ಆಗಬೇಕು, ಓಣಿಯವರಿಗೆ ಕಾಣುವಂತೆ ಕಟ್ಟೆಯ ಮೇಲೆಯೇ ಆಗಬೇಕು. ಯಾರೂ ಹೇಳಿಕೊಟ್ಟ ಕೆಲಸವಲ್ಲ ಇದು, ಯಾರೂ ಕೂಲಿ ಕೊಡುವುದಿಲ್ಲ. ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದ್ದೀರಿ ಎಂದು ಡಾಕ್ಟರರು ಎಚ್ಚರಿಸಿದ ಮೇಲೆ ಈಗೀಗ ಅರ್ಧ ಕಪ್ಪಿಗೆ ಇಳಿದಿದ್ದಾರೆ, ಅಷ್ಟೇ.

ಇದರ ಅಗತ್ಯ ಏನು ಎಂಬುದು ಈ ಊರಿನವರಿಗೆ ಮಾತ್ರ ಸರಿಯಾಗಿ ಗೊತ್ತು. ಮಂಗನ ಜ್ವರ ಮನುಷ್ಯರಿಂದ ಮನುಷ್ಯರಿಗೆ ಹತ್ತುವುದಿಲ್ಲ. ಆರೋಗ್ಯ ನಿರೀಕ್ಷಕ ಮಹಾಬಳೇಶ್ವರ ಅವರು ಇದನ್ನು ಗಂಟಲು ಹರಿಯುವಂತೆ ಹೇಳಿದ್ದಾರೆ, ಜನ ಹೂಂ ಎಂದು ತಲೆಯಾಡಿಸಿದ್ದಾರೆ. ಆದರೆ ಅದಕ್ಕೂ ಮೊದಲು ಊರಿಗೆ ಕೊರೊನಾ ಬಂದುಹೋಗಿತ್ತಲ್ಲ. ಆಗ ಎಲ್ಲರೂ ದೂರ ನಿಲ್ಲುವುದನ್ನು, ತಟ್ಟೆ ಬೇರೆ ಇಡುವುದನ್ನು, ಓಣಿಗೆ ಹಗ್ಗ ಕಟ್ಟುವುದನ್ನು ಕಷ್ಟಪಟ್ಟು ಕಲಿತಿದ್ದರು. ಕಲಿತ ಪಾಠವನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ. ಆ ಜ್ವರಕ್ಕೆ ಕಲಿತ ಬುದ್ಧಿಯನ್ನು ಈ ಜ್ವರಕ್ಕೂ ಹಚ್ಚಿಬಿಟ್ಟರು. ಹಗ್ಗ ಹೇಗೂ ಅಟ್ಟದ ಮೇಲೆ ಇತ್ತು.

ಆ ಹಗ್ಗ ಮೊದಲು ಬಿದ್ದದ್ದು ಚಂದ್ರಿಬಾಯಿಯ ಮನೆ ಮುಂದೆಯೇ. ನಾಲ್ಕು ಬೇಸಿಗೆಗಳ ಹಿಂದೆ ವಾಡಾದಲ್ಲಿ ಮೊದಲು ಜ್ವರ ಬಂದದ್ದು ಅವರಿಗೆ. ತಲೆ ಒಡೆದು ಹೋಗುವಂಥ ನೋವು, ಒಸಡಿನಲ್ಲಿ ರಕ್ತ, ಕಣ್ಣು ಬಿಟ್ಟರೆ ಬೆಳಕು ಚುಚ್ಚುತ್ತಿತ್ತು. ಅದೇ ವಾರ ಜ್ವರ ಬಂದ ಊರಿನ ಒಬ್ಬ ಹಿರಿಯರು ತೀರಿಕೊಂಡರು. ಚಂದ್ರಿಬಾಯಿ ಬದುಕಿ ಬಂದರು. ಬಂದು ನೋಡಿದರೆ ಅಂಗಳದಲ್ಲಿ ಹಗ್ಗ, ಓಣಿಯಲ್ಲಿ ಮುಚ್ಚಿದ ಬಾಗಿಲುಗಳು. ಮೂವತ್ತು ವರ್ಷ ಒಂದೇ ಬೇಲಿಯ ಆಚೆ-ಈಚೆ ಬದುಕಿದ ಗೆಳತಿ ಗೋದುಬಾಯಿ ಕೂಡ ಅತ್ತ ಮುಖ ಮಾಡಿ ಬಟ್ಟೆ ಒಣಹಾಕುತ್ತಿದ್ದರು.

"ಜ್ವರ ಇದ್ದಾಗ ಸಾಯ್ತೇನೇನೋ ಅಂತ ಅಂಜಿಕಿ ಇತ್ತರಿ" ಎನ್ನುತ್ತಾರೆ ಚಂದ್ರಿಬಾಯಿ. "ಮನೀಗೆ ಬಂದ ಮ್ಯಾಲ ಬದುಕಿ ಏನ ಮಾಡೂದು ಅನ್ನೂದ ಚಾಲೂ ಆತು. ಮೊದಲಿಂದಕ್ಕಿಂತ ಇದ ಕೆಟ್ಟರಿ. ಅದಕ್ಕ ಸಲಾಯಿನ್ ಇಲ್ಲ."

ಅವರು ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ತಲೆ ಬಾಚುವುದು ಬಿಟ್ಟರು, ಊಟ ಬಿಟ್ಟರು, ಮಾತಂತೂ ಇಲ್ಲವೇ ಇಲ್ಲ. ತನ್ನ ಮೈಯಲ್ಲಿ ಜ್ವರ ಇನ್ನೂ ಅಡಗಿ ಕುಳಿತಿದೆ ಎಂದು ಅವರೂ ನಂಬತೊಡಗಿದರು. ಊರೆಲ್ಲ ಒಂದೇ ಮಾತು ಹೇಳಿದರೆ ತನ್ನ ಮೈಯೇ ತನಗೆ ಪರಕೀಯವಾಗುತ್ತದೆ. ಭೋಜಪ್ಪ ಆ ದಿನಗಳಲ್ಲಿ ಹೆಂಡತಿಯನ್ನು ಒಬ್ಬಳನ್ನೇ ಬಿಟ್ಟು ಬಾವಿಯವರೆಗೂ ಹೋಗಲಿಲ್ಲ. ಈಗ ಎಲ್ಲದಕ್ಕೂ ಚೇಷ್ಟೆ ಮಾಡುವ ಆ ಮನುಷ್ಯ, ಆ ಮಾತು ಬಂದರೆ ಮಾತ್ರ ಎದ್ದು ದನಕ್ಕೆ ಹುಲ್ಲು ಹಾಕಲು ಹೋಗುತ್ತಾರೆ.

ಕೊನೆಗೆ ಆ ಮನೆಯ ಬಾಗಿಲು ತೆಗೆಸಿದ್ದು ಒಂದು ಕೋಳಿ. ಚಂದ್ರಿಬಾಯಿಯ ಹ್ಯಾಟೆ ಬೇಲಿ ಹಾರಿ ಹೋಗಿ, ಗೋದುಬಾಯಿ ಚಾಪೆಯ ಮೇಲೆ ಒಣಹಾಕಿದ್ದ ಶಾವಿಗೆಯನ್ನು ಕೆದರಿ ಹಾಕಿತು. ಗೋದುಬಾಯಿಗೆ ಸಿಟ್ಟು ನೆತ್ತಿಗೇರಿತು. ಬೈಯುತ್ತ ಬೇಲಿಯವರೆಗೆ ಬಂದರು, ಬೈಯುತ್ತ ಹಗ್ಗ ದಾಟಿದರು, ಬೈಯುತ್ತಲೇ ಒಲೆಯ ತನಕ ಬಂದುಬಿಟ್ಟರು. ಸಿಟ್ಟಿನ ಭರದಲ್ಲಿ ಅಂಜಿಕೆ ಮರೆತೇ ಹೋಗಿತ್ತು. ಬೈಗುಳ ಮುಗಿದಾಗ ಗಂಟಲು ಒಣಗಿತ್ತು, ತಾನು ಎಲ್ಲಿ ನಿಂತಿದ್ದೇನೆ ಎಂಬುದೂ ಆಗಲೇ ತಿಳಿಯಿತು. ಒಂದು ಗಳಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಆಮ್ಯಾಲ ಗೋದು ಅಂದ್ಲು, ಏನ ಮಾರಿ ನೋಡ್ತಿ, ಒಂದ ಗುಟಕ ಚಹಾ ಇಡ" ಎಂದು ಚಂದ್ರಿಬಾಯಿ ನೆನೆಯುತ್ತಾರೆ. "ಹಾಲ ಉಕ್ಕಿ ಒಲಿ ಆರಿತು. ಆದ್ರೂ ಇಟ್ಟೆ. ಆಕಿ ಬಸ್ಯಾಗ ಹಾಕ್ಕೊಂಡ ಸೊರ್ ಅಂತ ಸಪ್ಪಳಾ ಮಾಡಿ ಕುಡದ್ಲರಿ. ಅವತ್ತ ರಾತ್ರಿ ನಾ ನಿದ್ದಿ ಮಾಡಿದೆ."

ಗೋದುಬಾಯಿಯನ್ನು ಕೇಳಿದರೆ ಅವರು ಈ ಹೊಗಳಿಕೆಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. "ನಂದೇನ ಐತ್ರಿ ಅದರಾಗ? ಪುಣ್ಯಾ ಕೋಳೀದು. ನನಗ ಶಾವಿಗಿ ಹೋತು" ಎನ್ನುತ್ತಾರೆ. "ಮೊದಲ ಹೋಗಬೇಕಾಗಿತ್ತು. ಅಂಜಿದೆ" ಎಂದೂ ಸೇರಿಸುತ್ತಾರೆ.

ಚಂದ್ರಿಬಾಯಿ ಹುಟ್ಟಿದ್ದು ಮುಂಡಗೋಡದ ಕಡೆಯ ಒಂದು ಹಳ್ಳಿಯಲ್ಲಿ. ಚಿಕ್ಕವರಿದ್ದಾಗ ಟಿಬೆಟನ್ ಕಾಲೊನಿಯ ಹೊಲಗಳಲ್ಲಿ ಗೋವಿನಜೋಳ ಮುರಿಯಲು ಹೋಗುತ್ತಿದ್ದರು. ಅಲ್ಲಿನ ಒಬ್ಬ ಅಜ್ಜಿ ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾ ಕೊಟ್ಟಿದ್ದಳಂತೆ. "ದೇವರಾಣಿ ಹೇಳ್ತೇನಿ, ಸಾರು ಕುಡದಂಗ ಇತ್ತು. ಆದ್ರ ನಮ್ಮವ್ವ ಹೇಳಿದ್ಲು, ಕೊಟ್ಟ ಚಹಾ ಒಲ್ಲೆ ಅನಬಾರದು, ಕೊಟ್ಟವರ ಮನಸ್ಸ ಸಣ್ಣದಾಗತೈತಿ ಅಂತ. ಪೂರಾ ಕುಡದೆ. ಆಕಿ ಇನ್ನೊಂದ ಕಪ್ಪ ಹಾಕಿದ್ಲು!"

ಚಂದ್ರಿಬಾಯಿಗೆ ಜ್ವರ ಬಂದ ಮರುವರ್ಷ ಊರಿನಲ್ಲಿ ಮತ್ತೆ ಕೆಲವರಿಗೆ ಬಂದಾಗ ಎಣ್ಣೆ ಹಚ್ಚಲು ಯಾರೂ ಮುಂದೆ ಬರಲಿಲ್ಲ. ಜ್ವರದ ರುಚಿ ಕಂಡಿದ್ದ ಚಂದ್ರಿಬಾಯಿ ಒಬ್ಬರೇ ಒಪ್ಪಿಕೊಂಡರು. ಎಣ್ಣೆಯ ಜೊತೆಗೆ ಚಹಾದ ಕೆಲಸವೂ ತಾನಾಗಿ ಹತ್ತಿಕೊಂಡಿತು. ಮೊದಮೊದಲು ಜನ ಕಿಟಕಿಯಿಂದ ನೋಡಿದರು. ಚಂದ್ರಿಬಾಯಿಗೆ ಇವತ್ತು ಜ್ವರ ಬರುತ್ತದೆ, ನಾಳೆ ಬರುತ್ತದೆ ಎಂದು ಕಾದರು. ಆಕೆ ಮಾತ್ರ ಕಲ್ಲುಗುಂಡಿನಂತೆ ಓಡಾಡಿಕೊಂಡಿದ್ದರು. ಮೆಲ್ಲಗೆ ಒಬ್ಬೊಬ್ಬರೇ ಹೊಸ್ತಿಲು ದಾಟತೊಡಗಿದರು. ಹೋದ ವರ್ಷ ಓಣಿಯ ಆ ಹಗ್ಗವನ್ನು ಒಬ್ಬರು ಎಮ್ಮೆ ಕಟ್ಟಲು ಒಯ್ದಿದ್ದಾರೆ.

ಹಾಗಂತ ಚಹಾವನ್ನು ಸಂಜೀವಿನಿ ಎಂದು ಅವರು ಎಲ್ಲೂ ಮಾರುವುದಿಲ್ಲ. ದಾಂಡೇಲಿಯ ಮಿಲ್ಲೊಂದರಲ್ಲಿ ಕೆಲಸಕ್ಕೆ ಹೋಗುವ, ಜ್ವರದಿಂದ ಎದ್ದಿದ್ದ ಸುಭಾಸ ಎಂಬವರ ಮನೆಯಲ್ಲಿ ಅವರು ತಿಂಗಳುಗಟ್ಟಲೆ ಚಹಾ ಕುಡಿದರು. ಸುಭಾಸ ನಿದ್ದೆಯೇ ಇಲ್ಲದೆ ಒಣಗುತ್ತ ಹೋದರು. ಹೆಂಚಿನ ಮೇಲೆ ಮಂಗ ಹಾರಿದ ಸಪ್ಪಳಕ್ಕೆ ಮಂಚದ ಕೆಳಗೆ ಹೋಗಿ ಕೂರುತ್ತಿದ್ದರು. ಚಂದ್ರಿಬಾಯಿ ಆಗ ಮಹಾಬಳೇಶ್ವರರಿಗೆ ತಿಳಿಸಿ, ಮನಸ್ಸಿನ ಡಾಕ್ಟರರು ಬರುವ ದಿನ ಕೇಳಿಕೊಂಡು, ಬಸ್ಸು ಹತ್ತಿಸಿ ತಾವೇ ಜೊತೆಗೆ ಹೋದರು. ಗುಳಿಗೆಯಿಂದ ನಿದ್ದೆ ಬಂತು, ನಿದ್ದೆಯಿಂದ ಧೈರ್ಯ ಬಂತು. ಸುಭಾಸ ಈಗ ಮಿಲ್ಲಿಗೆ ಹೋಗುತ್ತಿದ್ದಾರೆ.

"ಎಲ್ಲಾ ಚಹಾದಿಂದ ಆಗೂದಿಲ್ಲರಿ. ಕೆಲವು ಮಂದೀಗೆ ಔಷಧಾನ ಬೇಕು. ತಲಿನೋವಿಗೆ ಗುಳಿಗಿ ತಗೋತೀವಿ, ಮನಸ್ಸಿನ ನೋವಿಗೆ ತಗೊಂಡ್ರ ಏನ ಮಾನ ಹೊಕ್ಕೈತಿ?" ಎಂಬುದು ಚಂದ್ರಿಬಾಯಿಯ ಮಾತು. ಮಹಾಬಳೇಶ್ವರ ಕರಾವಳಿಯವರು, ಹೆಚ್ಚು ಮಾತಿನವರಲ್ಲ. "ಯಾರು ಒಳಗೊಳಗೇ ಕುಸೀತಿದ್ದಾರೆ ಅಂತ ನನಗೆ ಇವರಿಂದ ತಿಳೀತದೆ. ಡಾಕ್ಟ್ರ ಹತ್ರ ಕಳಿಸೋದು ನನ್ನ ಕೆಲಸ. ಒಬ್ಬರಿಂದಲೇ ಆಗುವಂಥದ್ದಲ್ಲ ಇದು" ಎನ್ನುತ್ತಾರೆ.

ಇಷ್ಟೆಲ್ಲ ಮಾಡಿದ ಚಂದ್ರಿಬಾಯಿಗೆ ಒಂದು ಮನೆಯ ಚಹಾ ಮಾತ್ರ ಇನ್ನೂ ದಕ್ಕಿಲ್ಲ. ತಪ್ಪು ಅವರದ್ದೇ. ಕೈ ಅಷ್ಟು ತಿಕ್ಕಿ ತೊಳೆಯುವುದೂ ಅಂದಿನಿಂದಲೇ.

ಅದು ಅಮೀರುನ್ನಿಸಾ ಅವರ ಮನೆ. ಮಗ ಜುಬೇರ ರಾಮನಗರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಸೊಸೆ ಸಮ್ರೀನ ಹೋದ ಬೇಸಿಗೆಯಲ್ಲಿ ಓಣಿಯ ಹೆಂಗಸರ ಜೊತೆ ಮುರುಗಲ ಹಣ್ಣು ಆರಿಸಲು ಕಾಡಿಗೆ ಹೋಗಿ ಜ್ವರ ಹತ್ತಿಸಿಕೊಂಡಳು. ಜೀವಕ್ಕೇನೂ ಆಗಲಿಲ್ಲ. ಆದರೆ ಮನೆಗೆ ಬಂದವಳು ಒಳಕೋಣೆ ಸೇರಿದಳು. ಈ ಬಾರಿ ಯಾರೂ ಹಗ್ಗ ಕಟ್ಟಲಿಲ್ಲ, ಅವಳೇ ಕಟ್ಟಿಕೊಂಡಳು. ತನ್ನ ತಟ್ಟೆ, ಲೋಟ ಬೇರೆ ಇಟ್ಟಳು. ಮೂರು ವರ್ಷದ ಮಗಳು ತೊಡೆ ಏರಲು ಬಂದರೆ ದುಪಟ್ಟಾದಲ್ಲಿ ಕೈ ಸುತ್ತಿಕೊಂಡು ದೂರ ಸರಿಸುತ್ತಿದ್ದಳು. ಡಾಕ್ಟರರ ಔಷಧದಿಂದ ನಿದ್ದೆ, ಊಟ ಒಂದು ಹದಕ್ಕೆ ಬಂದವು. ಆದರೆ ತನ್ನ ಕೈ ಮುಟ್ಟಿದ್ದಕ್ಕೆಲ್ಲ ಜ್ವರ ಹತ್ತುತ್ತದೆ ಎಂಬ ಹಟ ಹೋಗಲಿಲ್ಲ.

"ಅಚ್ಛಾ ಇದ್ಲರಿ ನಮ್ಮ ಹುಡಗಿ" ಎನ್ನುತ್ತಾರೆ ಅಮೀರುನ್ನಿಸಾ. "ಈಕಿ ಚಾಯ್ ಮಾಡಿದ್ರ ಓಣಿ ಮಂದಿ ಎಲ್ಲಾ ವಾಸನಿ ಹಿಡದ ಬರ್ತಿದ್ರು. ಜ್ವರಾ ಬಂದ ಮ್ಯಾಲ ಒಲಿ ಕಡೆ ನೋಡಲಿಲ್ಲ."

ಮಳೆಗಾಲ ಕಳೆದು, ಎಣ್ಣೆಯ ಸೀಸನ್ ಮತ್ತೆ ಶುರುವಾದ ಮೇಲೆ ಒಂದು ಬೆಳಿಗ್ಗೆ, ಅತ್ತೆಯ ಒತ್ತಾಯಕ್ಕೋ ತನಗೇ ಅನಿಸಿಯೋ, ಸಮ್ರೀನ ಒಲೆ ಹಚ್ಚಿದಳು. ಆ ಸುದ್ದಿ ಮತ್ತಿ ಮರದವರೆಗೆ ಬಂತು. ಚಂದ್ರಿಬಾಯಿಗೆ ಹಾಲು ಕುಡಿದಷ್ಟು ಖುಷಿಯಾಯಿತು. ಬಾಟಲಿ ಅಲ್ಲೇ ಇಟ್ಟು, ಭೋಜಪ್ಪನ ಬಕೆಟ್ಟಿಗೂ ಕಾಯದೆ ಓಡಿದರು. ಪರದೆಯ ಹಿಂದಿನಿಂದ ಒಂದು ಕೈ ಕಪ್ಪು-ಬಸಿ ಚಾಚಿತು. ಚಂದ್ರಿಬಾಯಿ ತೆಗೆದುಕೊಳ್ಳಲು ಕೈ ಮುಂದೆ ಮಾಡಿದವರು, ತಮ್ಮ ಬೆರಳ ತುಂಬ ಎಣ್ಣೆಯಿರುವುದನ್ನು ಕಂಡು ಚಕ್ಕನೆ ಹಿಂದಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ಬೋರ್‌ವೆಲ್ ಹತ್ತಿರ ಮಂಗ ಸತ್ತು ಬಿದ್ದಿದೆ ಎಂದು ರಸ್ತೆಯಿಂದ ಕೂಗು ಬಂತು. ಅಲ್ಲಿಗೆ ಯಾರೂ ಹೋಗದಂತೆ ತಡೆಯಬೇಕಾದವರು ಅವರೇ. ಏನೂ ಹೇಳದೆ ಓಡಿದರು.

ಪರದೆಯ ಹಿಂದಿದ್ದವಳು ಕಂಡದ್ದು ಹಿಂದಕ್ಕೆ ಹೋದ ಕೈಯನ್ನು ಮಾತ್ರ. ಎಲ್ಲರ ಮನೆಯಲ್ಲೂ ಕುಡಿಯುವ ಚಂದ್ರಿಬಾಯಿಯೇ ತನ್ನ ಚಹಾ ಮುಟ್ಟಲಿಲ್ಲ ಎಂದರೆ ಇನ್ನೇನು ಉಳಿಯಿತು? ಸಮ್ರೀನ ಆ ಕಪ್ಪನ್ನು ಹಿತ್ತಲಿಗೆ ಒಯ್ದು ಒಡೆದು ಹಾಕಿದಳು. ಮತ್ತೆ ಒಲೆಯ ಹತ್ತಿರ ಹೋಗಲಿಲ್ಲ.

ವಿಷಯ ಚಂದ್ರಿಬಾಯಿಗೆ ಅಮೀರುನ್ನಿಸಾರಿಂದ ತಿಳಿಯುವಷ್ಟರಲ್ಲಿ ವಾರಗಳೇ ಕಳೆದಿದ್ದವು. ಅವರು ಹೋಗಿ ಪರದೆಯ ಮುಂದೆ ನಿಂತು ಎಣ್ಣೆಯ ಮಾತು ಹೇಳಿದರು, ಆಣೆ ಇಟ್ಟರು, ಅತ್ತರು ಕೂಡ. "ನಾ ಸಮಾಧಾನ ಮಾಡಾಕ ಸುಳ್ಳ ಹೇಳಾಕತ್ತೀನಿ ಅಂತ ತಿಳಕೊಂಡ್ಲರಿ ಆಕಿ. ನಾನಾದ್ರೂ ಹಂಗ ತಿಳಕೊಂತಿದ್ದೆ. ಆ ಹೊತ್ತಿನ್ಯಾಗ ಮಾತ ಒಳಗ ಇಳಿಯೂದಿಲ್ಲ" ಎಂದು ಹೇಳುವಾಗ ಅವರ ಧ್ವನಿ ಕುಗ್ಗುತ್ತದೆ.

ಅಂದಿನಿಂದ ದಿನವೂ ಕೈ ತೊಳೆದು, ಮೊದಲು ಹೋಗಿ ಕೂರುವುದು ಅಮೀರುನ್ನಿಸಾರ ಕಟ್ಟೆಯ ಮೇಲೆ. ಅತ್ತೆ ಚಹಾ ತಂದರೆ ಜಪ್ಪಯ್ಯ ಅಂದರೂ ಮುಟ್ಟುವುದಿಲ್ಲ. "ಸೊಸಿ ಕೈಲೆ ಮಾಡಿದ್ದ ಆದ್ರ ಕೊಡ್ರಿ, ಇಲ್ಲಾಂದ್ರ ಬ್ಯಾಡ" ಎಂದು ಪರದೆಗೆ ಕೇಳುವಂತೆ ಹೇಳಿ, ಊರ ಸುದ್ದಿಯೆಲ್ಲ ಪರದೆಗೇ ಒಪ್ಪಿಸಿ ಎದ್ದು ಬರುತ್ತಾರೆ. ಯಾರ ಎಮ್ಮೆ ಕರು ಹಾಕಿತು, ಯಾರ ಮನೆಗೆ ಹೊಸ ಟಿವಿ ಬಂತು, ಭೋಜಪ್ಪ ನಿನ್ನೆ ಏನು ಜಗಳ ತೆಗೆದ, ಎಲ್ಲವೂ. ರಮಜಾನ್ ತಿಂಗಳಲ್ಲೂ ತಪ್ಪಿಸಲಿಲ್ಲ. "ಅವರು ಒಂದ ತಿಂಗಳ ಉಪಾಸ ಮಾಡಿದ್ರು. ಆ ಕಟ್ಟೀ ಮ್ಯಾಲ ನನ್ನ ಉಪಾಸ ಇನ್ನೂ ಮುಗಿದಿಲ್ಲ" ಎಂದು ನಗುತ್ತಾರೆ. ಆದರೆ ಆ ಒಂದು ಕಪ್ಪು ಚಹಾ ಅವರ ಎದೆಯ ಮೇಲೆ ಕಲ್ಲಿನಂತೆ ಕೂತಿದೆ ಎಂಬುದು ಊರಿಗೆಲ್ಲ ಗೊತ್ತು.

ಯುಗಾದಿ ಕಳೆದ ಈ ಬೆಳಿಗ್ಗೆ ಎಣ್ಣೆಯ ಕ್ಯಾನು ತಳ ಕಂಡಿದೆ. ಹೊಸದನ್ನು ತರಲು ಗಣೇಶಗುಡಿಗೆ ಹೋಗಬೇಕು, ಬಸ್ಸಿಗೆ ಹೊತ್ತಾಗಿದೆ. ಆದರೂ ಚಂದ್ರಿಬಾಯಿ ಅಮೀರುನ್ನಿಸಾರ ಕಟ್ಟೆ ತಪ್ಪಿಸುವುದಿಲ್ಲ. ಕುಳಿತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಪರದೆಯ ಕಡೆಗೆ ತಮ್ಮ ಸಂಕಟ ಹೇಳಿಕೊಳ್ಳುತ್ತಾರೆ.

"ನೋಡವಾ, ಮಾಲತೇಶನ ಹೆಂಡ್ತಿ ತುಳಜಾ ದವಾಖಾನಿಂದ ಬಂದು ಎಂಟ-ಹತ್ತ ದಿನಾ ಆತು. ಗಂಡ ಹೊಳ್ಯಾಗ ರಾಫ್ಟಿಂಗ್ ಕೆಲಸಕ್ಕ ಹೊಕ್ಕಾನ, ಪೋರಿ ಒಬ್ಬಾಕಿನ ಮನ್ಯಾಗ. ದಿನಾ ನಾ ಹೋಗಿ ಚಹಾ ಕುಡದ ಬರ್ತಿದ್ದೆ. ಇವತ್ತ ಆಗಾಂಗಿಲ್ಲ. ಗೋದೂ ಹಳಿಯಾಳಕ್ಕ ಮಗಳ ಮನೀಗೆ ಹೋಗ್ಯಾಳ. ಪಾಪ, ಬಾಗಲಾ ನೋಡ್ಕೊಂತ ಕುಂತಿರ್ತಾಳ. ಇವತ್ತ ಯಾರೂ ಬರಲಿಲ್ಲ ಅಂತ ಎಷ್ಟ ಹಚ್ಕೊಂತಾಳೋ ಏನೋ."

ಉಪದೇಶವಲ್ಲ ಅದು, ಉಪಾಯವೂ ಅಲ್ಲ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂತು, ಅಷ್ಟೇ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳುತ್ತದೆ. ಚಂದ್ರಿಬಾಯಿ ಖಾಲಿ ಕ್ಯಾನು ಎತ್ತಿಕೊಂಡು ಓಡುತ್ತಾರೆ.

ಮರಳಿ ಬರುವಾಗ ಬಿಸಿಲು ಇಳಿದಿದೆ. ತುಂಬಿದ ಕ್ಯಾನನ್ನು ಭೋಜಪ್ಪನ ಹೆಗಲಿಗೆ ದಾಟಿಸಿ, ಮನೆಗೂ ಹೋಗದೆ ತುಳಜಾಳ ಮನೆಯ ದಾರಿ ಹಿಡಿಯುತ್ತಾರೆ. ತಪ್ಪಾಯಿತು ಎನ್ನಬೇಕು, ಹೊತ್ತಿಲ್ಲದ ಹೊತ್ತಾದರೂ ಅರ್ಧ ಕಪ್ಪು ಕುಡಿಯಬೇಕು ಎಂಬ ಯೋಚನೆ. ತುಳಜಾ ಬಾಗಿಲಲ್ಲೇ ಕುಳಿತಿದ್ದಾಳೆ. ಮುಖ ಗಂಟಿಕ್ಕಿದೆ.

"ಸಿಟ್ಟಾಗಬ್ಯಾಡವಾ, ಎಣ್ಣಿ ತರಾಕ ಹೋಗಿದ್ದೆ. ಯಾರೂ ಬರಲಿಲ್ಲ ಹೌದಿಲ್ಲೋ?"

"ಬಂದಿದ್ರಲ್ಲ" ಎನ್ನುತ್ತಾಳೆ ತುಳಜಾ. "ಸಮ್ರೀನ ಬಂದಿದ್ಲು."

"ಯಾವ ಸಮ್ರೀನ?"

"ಯಾವ ಸಮ್ರೀನ ಅಂದ್ರ? ಅಮೀರುನ್ನಿಸಾನ ಸೊಸಿ. ಮಗಳನ್ನ ಬಗಲಾಗ ಎತ್ಕೊಂಡ ಬಂದಿದ್ಲು. ಬಾಗಲದಾಗ ನಿಂತ್ಲು. ಆಮ್ಯಾಲ ಕೆಳಗ ನೋಡ್ಕೊಂತ, ಒಂದ ಕಪ್ಪ ಚಾಯ್ ಇಡ್ತೀಯೇನ ಅಂದ್ಲು."

ಚಂದ್ರಿಬಾಯಿ ಅ‌ಲ್ಲೇ ಹೊಸ್ತಿಲ ಮೇಲೆ ಕೂತುಬಿಡುತ್ತಾರೆ. ವರ್ಷದಿಂದ ಪರದೆ ದಾಟದವಳು ಓಣಿ ದಾಟಿ ಬಂದಿದ್ದಾಳೆ. ಮಗಳನ್ನು ಎತ್ತಿಕೊಂಡು ಬಂದಿದ್ದಾಳೆ. "ಕುಡದ್ಲೇನ?" ಎನ್ನುತ್ತಾರೆ.

"ಪೂರಾ ಕುಡದ್ಲು" ಎಂದು ತುಳಜಾ ಸಿಡುಕುತ್ತಾಳೆ. "ಕುಡದ ಮ್ಯಾಲ ಏನಂದ್ಲು ಗೊತ್ತೇನ? ಶುಂಠಿ ಹಾಕಿಲ್ಲ, ಪುಡಿ ಕುದ್ದಿಲ್ಲ, ನೀರ ಕುಡದಂಗ ಆತು ಅಂದ್ಲು! ದವಾಖಾನಿಂದ ಬಂದಾಕಿಗೆ ಯಾರರೆ ಹಿಂಗ ಅಂತಾರೇನ? ಚಾಯ್ ಹೆಂಗ ಮಾಡೂದಂತ ನಾಳೆ ಬಂದು ತೋರಸ್ತಾಳಂತ. ಬರಲಿ, ನಾನೂ ನೋಡ್ತೇನಿ."

ಚಂದ್ರಿಬಾಯಿ ನಗಲು ಶುರು ಮಾಡುತ್ತಾರೆ. ನಗುತ್ತ ನಗುತ್ತಲೇ ಕಣ್ಣು ತುಂಬಿ ಬರುತ್ತದೆ, ಸೆರಗಿನಿಂದ ಒರೆಸಿಕೊಳ್ಳುತ್ತಾರೆ, ಮತ್ತೆ ನಗುತ್ತಾರೆ. ಅವರನ್ನು ನೋಡಿ ತುಳಜಾಳ ಗಂಟುಮುಖವೂ ಬಿಚ್ಚುತ್ತದೆ. ಜ್ವರ ಬಂದು ಹೋದ ಮೇಲೆ ಆ ಮನೆಯಲ್ಲಿ ಜೋರಾಗಿ ನಕ್ಕದ್ದು ಇದೇ ಮೊದಲು.

"ಮಂದಿ ಚಹಾಕ್ಕ ಕುಂದ ಹಿಡಿಯೂವಷ್ಟ ಆಗ್ಯಾಳಂದ್ರ ಆಕಿ ಆರಾಮ ಆಗಾಕತ್ತಾಳ ಬಿಡ" ಎನ್ನುತ್ತಾರೆ ಚಂದ್ರಿಬಾಯಿ, ಏಳುತ್ತ. ಇನ್ನೇನು ಆಸೆ ಉಳಿದಿದೆ ನಿಮಗೆ ಎಂದು ಕೇಳಿದರೆ ಯೋಚಿಸುವುದೇ ಇಲ್ಲ, ಉತ್ತರ ಬಾಯಲ್ಲೇ ಇದೆ.

"ಒಂದ ಐತ್ರಿ. ಆಕಿ ಚಹಾ ನನಗೂ ಒಂದಿನ ಸಿಗಬೇಕು. ಕುಡದು, ಬಸಿ ಕೆಳಗಿಟ್ಟು, ಸಕ್ರಿ ಬಾಳ ಆತು ನೋಡವಾ ಅಂತ ನಾನೂ ಕುಂದ ಹಿಡೀಬೇಕು. ಆಕಿ ನನ್ನ ಜೋಡಿ ಜಗಳಾ ತಗೀಬೇಕು."